ಲೈಸೆನ್ಸ್ ಸಿಕ್ಕ ದಿನಕ್ಕೇ ಮುಗಿಯುವ ಪಾಠ

ಕನ್ನಡ ಚಿತ್ರರಂಗ ಮದರಾಸಿನಲ್ಲಿ ನೆಲೆಸಿದ್ದ ಕಾಲದಲ್ಲಿ ವಡಪಳನಿ ಎಂದರೆ ಕನ್ನಡಿಗರಿಗೆ ಸ್ಟುಡಿಯೋಗಳ ಊರು. ಆ ಕಾಲ ಹೋಯಿತು. ಈಗ ಕರ್ನಾಟಕದಿಂದ ಈ ದಾರಿಗೆ ಬರುವವರಲ್ಲಿ ನಟರಿಗಿಂತ ಲಾರಿ ಚಾಲಕರೇ ಹೆಚ್ಚು. 1996ರಲ್ಲಿ ಕೋಯಂಬೇಡಿನ ಸಗಟು ಮಾರುಕಟ್ಟೆ ಆರಂಭವಾದಂದಿನಿಂದ ಕೋಲಾರ, ಶ್ರೀನಿವಾಸಪುರ ಕಡೆಯ ಟೊಮೆಟೊ ಮತ್ತು ತರಕಾರಿ ಹೊತ್ತ ಲಾರಿಗಳು ಅಲ್ಲಿಗೆ ಬರುತ್ತವೆ. ಸರಕು ಇಳಿಸಿ, ವಾಪಸು ಲೋಡಿಗಾಗಿ ಗಿಂಡಿಯ ಕಡೆಗೆ ನೂರಡಿ ರಸ್ತೆ ಹಿಡಿದ ಲಾರಿ ವಡಪಳನಿಯನ್ನು ದಾಟಿಯೇ ಹೋಗಬೇಕು. ಆರ್ಕಾಟ್ ರಸ್ತೆಯ ಕೂಡು, ಬಸ್ ಡಿಪೋ, ಮೆಟ್ರೋ ನಿಲ್ದಾಣ, ಮುರುಗನ್ ದೇವಸ್ಥಾನಕ್ಕೆ ನಡೆದು ಬರುವ ಭಕ್ತರು ಎಲ್ಲವೂ ಅಲ್ಲೇ. ರಾತ್ರಿಯಿಡೀ ಗಾಡಿ ಓಡಿಸಿ ಬಂದವನಿಗೆ ಇದಕ್ಕಿಂತ ಕಷ್ಟದ ಜಾಗ ಬೇಕಿಲ್ಲ.

ಈ ಚಾಲಕ ಕಾನೂನನ್ನು ಕಲಿತದ್ದು ಯಾವಾಗ? ಲೈಸೆನ್ಸ್ ಪರೀಕ್ಷೆಯ ಹಿಂದಿನ ವಾರ. ಆಮೇಲೆ ಕಲಿತದ್ದೆಲ್ಲ ಡಾಬಾಗಳಲ್ಲಿ, ಸಹ ಚಾಲಕರ ಬಾಯಲ್ಲಿ ಮತ್ತು ದಂಡ ಕಟ್ಟುವಾಗ. ಅಷ್ಟರಲ್ಲಿ ಕಾನೂನು ಅವನನ್ನು ಬಿಟ್ಟು ಬಹಳ ಮುಂದೆ ಹೋಗಿದೆ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ದಂಡಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ತಮಿಳುನಾಡು ಸರ್ಕಾರ ಹೆಚ್ಚಿದ ದಂಡಗಳನ್ನು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆಯ ಮೂಲಕ ತಂದಿತು. 2021ರ ಆಗಸ್ಟ್‌ನ ಕೇಂದ್ರ ನಿಯಮ ಕ್ಯಾಮೆರಾ ಸಾಕ್ಷ್ಯದ ಮೇಲೆ ಚಲನ್ ಕಳಿಸಲು ದಾರಿ ಮಾಡಿತು. 2023ರ ನವೆಂಬರ್‌ನಲ್ಲಿ ಚೆನ್ನೈ ನಗರದೊಳಗೆ ಭಾರಿ ವಾಹನಗಳಿಗೆ ಗಂಟೆಗೆ 50 ಕಿ.ಮೀ., ವಸತಿ ಪ್ರದೇಶದ ರಸ್ತೆಗಳಲ್ಲಿ ಎಲ್ಲ ವಾಹನಗಳಿಗೂ 30 ಕಿ.ಮೀ. ಎಂಬ ಮಿತಿ ಬಂತು. ಇವುಗಳಲ್ಲಿ ಒಂದನ್ನಾದರೂ ಮುಳಬಾಗಿಲಿನ ಚಾಲಕನನ್ನು ಕೂರಿಸಿಕೊಂಡು, ಅವನ ಭಾಷೆಯಲ್ಲಿ ಹೇಳಿದವರು ಯಾರಿದ್ದಾರೆ?

ಹಿಂದೆ ಪೊಲೀಸರು ಕೈ ಅಡ್ಡ ಹಾಕಿ ಲಾರಿ ನಿಲ್ಲಿಸುತ್ತಿದ್ದರು. ತಪ್ಪೇನೆಂದು ಜಗಳವಾಡಿಯಾದರೂ ತಿಳಿಯುತ್ತಿತ್ತು. ಕ್ಯಾಮೆರಾ ಜಗಳವಾಡುವುದಿಲ್ಲ. ಅದರ ಸಂದೇಶ ಹೋಗುವುದು ಆರ್‌ಸಿಯಲ್ಲಿರುವ ಮಾಲೀಕರ ಫೋನಿಗೆ. ಚಾಲಕನಿಗೆ ವಿಷಯ ಮುಟ್ಟುವುದು ಬಾಟಾ ಲೆಕ್ಕದಲ್ಲಿ ಹಣ ಕಡಿತವಾದಾಗ. ಯಾವ ಸಿಗ್ನಲ್, ಎಷ್ಟು ವೇಗ ಎಂಬುದು ಅವನಿಗೆ ತಿಳಿಯುವಷ್ಟರಲ್ಲಿ ಅವನು ಅದೇ ತಪ್ಪನ್ನು ಇನ್ನೆರಡು ಸಲ ಮಾಡಿರಬಹುದು. ದಂಡ ಹೆಚ್ಚಿಸಿದರೆ ಶಿಸ್ತು ಬರುತ್ತದೆ ಎಂಬ ವಾದ ತಪ್ಪಲ್ಲ. ಆದರೆ ದಂಡ ಯಾವುದಕ್ಕೆ ಎಂದು ತಿಳಿಯದವನಿಗೆ ಅದು ಶಿಕ್ಷೆಯೂ ಅಲ್ಲ, ಪಾಠವೂ ಅಲ್ಲ, ಬರೀ ನಷ್ಟ.

ಹೆಚ್ಚು ಲೋಡಿನ ವಿಷಯ ನೋಡಿ. ಅನುಮತಿಗಿಂತ ಮೂರು ಟನ್ ಹೆಚ್ಚು ಹೇರಿದ ಲಾರಿ ಸಿಕ್ಕಿಬಿದ್ದರೆ ಕಾಯ್ದೆಯ 194ನೇ ಕಲಮಿನ ಪ್ರಕಾರ 20 ಸಾವಿರ ರೂಪಾಯಿ, ಅದರ ಮೇಲೆ ಟನ್ನಿಗೆ 2 ಸಾವಿರದಂತೆ 6 ಸಾವಿರ, ಒಟ್ಟು 26 ಸಾವಿರ. ಹೆಚ್ಚುವರಿ ಸರಕು ಇಳಿಸುವ ಖರ್ಚು ಬೇರೆ. ಇಳಿಸುವ ತನಕ ಗಾಡಿ ಕದಲುವಂತಿಲ್ಲ. ತೂಕಕ್ಕೆ ನಿಲ್ಲಿಸದೆ ಓಡಿದರೆ 40 ಸಾವಿರ. ಇಷ್ಟನ್ನು ಸಾಮಾನ್ಯವಾಗಿ ಚಾಲಕರು ಕೇಳಿ ತಿಳಿದಿರುತ್ತಾರೆ. ತಿಳಿಯದಿರುವುದು ಇನ್ನೊಂದು ಮಾತು: ಈ ಕಲಮು ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಚಾಲಕ ಮಾಲೀಕನಲ್ಲದಿದ್ದರೆ, ಹೆಚ್ಚು ತೂಕ ಮಾಲೀಕನ ಅರಿವಿನಿಂದಲೋ ಅಪ್ಪಣೆಯಿಂದಲೋ ಆದದ್ದೆಂದು ನ್ಯಾಯಾಲಯ ಭಾವಿಸಬಹುದು ಎಂದು 113ನೇ ಕಲಮು ಹೇಳುತ್ತದೆ. ಇದು ಗೊತ್ತಿರುವ ಚಾಲಕ ಲೋಡಿಂಗ್ ಜಾಗದಲ್ಲೇ ಬಾಯಿ ಬಿಡಬಲ್ಲ. ಗೊತ್ತಿಲ್ಲದವನು ತಲೆಯಾಡಿಸಿ ಗಾಡಿ ಹತ್ತುತ್ತಾನೆ. ತರಬೇತಿ ಎಂದರೆ ಕೆಲವು ಮಾಲೀಕರು ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ ಇದ್ದೀತು.

ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜನವರಿಯ ಮೊದಲ ಎರಡು ದಿನ ದೇಶವೇ ನೋಡಿತು. ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷ ಜೈಲು, ಏಳು ಲಕ್ಷ ದಂಡ ಎಂಬ ಸುದ್ದಿ ಹರಡಿ ಹಲವು ರಾಜ್ಯಗಳಲ್ಲಿ ಚಾಲಕರು ಲಾರಿ ನಿಲ್ಲಿಸಿದರು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನಲ್ಲಿ ಹತ್ತು ವರ್ಷದ ತನಕ ಜೈಲು ಎಂದು ಇದ್ದದ್ದು ನಿಜ. ಏಳು ಲಕ್ಷ ಎಂಬ ಅಂಕಿ ಅದರಲ್ಲಿ ಇರಲೇ ಇಲ್ಲ. ಪ್ರಾಣಹಾನಿ ಮಾಡಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದವರಿಗೆ ಆ ಕಲಮು. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿಯಲಾಯಿತು.

ಚಾಲಕರ ಭಯಕ್ಕೆ ಕಾರಣ ಇರಲಿಲ್ಲ ಎಂದಲ್ಲ. ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಕಾನೂನು ಹಿಡಿಯುತ್ತದೆ ಎಂಬ ಸಂಕಟ ಸುಳ್ಳಲ್ಲ. ಆದರೆ ಈ ಸಂಕಟವನ್ನು ಕಾನೂನು ಎಂದೋ ಗಮನಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವ ಹೊಣೆಯನ್ನು ಚಾಲಕನಿಗೆ ಹೊರಿಸುವಾಗಲೇ, ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದ ಪಕ್ಷದಲ್ಲಿ ಎಂಬ ವಿನಾಯಿತಿಯನ್ನೂ ಬರೆದಿದೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೇಗೂ 24 ಗಂಟೆಯೊಳಗೆ ತಿಳಿಸಬೇಕು. ಅಂದರೆ ಜೀವ ಉಳಿಸಿಕೊಳ್ಳಲು ದೂರ ಸರಿದು ನೇರ ಠಾಣೆಗೆ ಹೋದವನೂ, ದೀಪ ಆರಿಸಿ ಊರು ಸೇರಿದವನೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಒಬ್ಬ ಚಾಲಕನ ಬದುಕನ್ನೂ ರಸ್ತೆಯಲ್ಲಿ ಬಿದ್ದವನ ಪ್ರಾಣವನ್ನೂ ಉಳಿಸಬಲ್ಲ ಈ ನಾಲ್ಕು ಸಾಲು ಸ್ಟೀರಿಂಗ್ ಹಿಡಿದವನಿಗೆ ತಲುಪಿಯೇ ಇಲ್ಲ.

ಕಲಿತದ್ದು ಮಾಸುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಣಲಿ, ಎಣ್ಣೂರಿನ ಕಡೆ ಹೋಗುವ ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗಳಂಥ ಅಪಾಯಕಾರಿ ಸರಕಿನ ವಾಹನ ಓಡಿಸುವವರಿಗೆ ವಿಶೇಷ ತರಬೇತಿ ಕಡ್ಡಾಯ. ಪರವಾನಗಿ ನವೀಕರಿಸುವಾಗ ಮತ್ತೆ ಪುನಶ್ಚೇತನ ತರಬೇತಿ ಆಗಬೇಕು. ಉಳಿದ ಲಾರಿ ಚಾಲಕರಿಗೆ ಪುನಶ್ಚೇತನ ತರಬೇತಿಯನ್ನು ಕಾಯ್ದೆ ಹೇಳುವುದು ಲೈಸೆನ್ಸ್ ಅಮಾನತಾದ ಮೇಲೆ. ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಪಾಠ, ಮಾಡದವನಿಗೆ ಇಲ್ಲ! ಟೊಮೆಟೊ ತುಂಬಿದ ಲಾರಿ ಬೆಂಕಿ ಹತ್ತಿ ಸಿಡಿಯದು, ನಿಜ. ಆದರೆ ತುಂಬಿದ ಲಾರಿ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ಸರಕು ಯಾವುದೆಂದು ಕೇಳುವುದಿಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಆ ವರ್ಷ ಅತಿ ಹೆಚ್ಚು ಅಪಘಾತಗಳಾದ ರಾಜ್ಯ ತಮಿಳುನಾಡು, 64,105.

ತರಬೇತಿಗೆ ಜಾಗಗಳೇ ಇಲ್ಲ ಎನ್ನುವಂತೆಯೂ ಇಲ್ಲ. ತರಮಣಿಯಲ್ಲಿ ರಸ್ತೆ ಸಾರಿಗೆ ಸಂಸ್ಥೆ ಇದೆ. ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್ ಕಂಪನಿಯ ಚಾಲಕ ತರಬೇತಿ ಕೇಂದ್ರ 1995ರಿಂದ ನಡೆದಿದೆ. ಆದರೆ ಕೋಲಾರದಿಂದ ಹೊರಟು ಚಿತ್ತೂರು, ರಾಣಿಪೇಟೆ ದಾಟಿ ಬರುವ ಚಾಲಕ ಒಂದೇ ರಾತ್ರಿ ಕನ್ನಡ, ತೆಲುಗು, ತಮಿಳು ಮೂರು ಭಾಷೆಯ ಪೊಲೀಸರನ್ನು ಎದುರಿಸುತ್ತಾನೆ. ವಾಣಿಜ್ಯ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದದ್ದು ಬಡವರಿಗೆ ಒಳ್ಳೆಯದೇ ಆಯಿತು. ಆದರೆ ಓದಲು ಬಾರದವನಿಗೆ ಬಾಯಿಮಾತಿನಲ್ಲಿ ಹೇಳಿಕೊಡುವ ವ್ಯವಸ್ಥೆ ಜೊತೆಗೇ ಬರಬೇಕಿತ್ತು. ಅಂಥವನನ್ನು ಎರಡು ದಿನ ಬಾಡಿಗೆ ಬಿಟ್ಟು ನಾಮಕ್ಕಲ್‌ಗೆ ಹೋಗು ಎಂದರೆ ಹೋಗುವನೇ?

ಚೆನ್ನೈನ ಕನ್ನಡ ಸಂಘಗಳು ಯೋಚಿಸಬೇಕಾದದ್ದು ಇಲ್ಲಿ. ಟಿ. ನಗರದ ಕರ್ನಾಟಕ ಸಂಘ ಶಾಲೆಯನ್ನೇ ಕಟ್ಟಿದೆ. 2009ರ ಆಗಸ್ಟ್‌ನಲ್ಲಿ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಾಗ ಎರಡೂ ಸರ್ಕಾರಗಳು ಒಂದೇ ವೇದಿಕೆಯಲ್ಲಿ ನಿಂತವು. ಇಷ್ಟೆಲ್ಲ ಆದ ಊರಿನಲ್ಲಿ ಸಾರಿಗೆ ಮತ್ತು ಪೊಲೀಸ್ ಇಲಾಖೆಗೆ ಒಂದು ಮನವಿ ಸಲ್ಲಿಸಿ, ತಿಂಗಳಿಗೊಮ್ಮೆ ಒಂದು ಗಂಟೆಯ ಕನ್ನಡ ಪಾಠ ಏರ್ಪಡಿಸುವುದು ದೊಡ್ಡ ಮಾತೇ? ಜನವರಿಯ ರಸ್ತೆ ಸುರಕ್ಷತಾ ಕಾರ್ಯಕ್ರಮಗಳಲ್ಲಿ ಒಂದು ದಿನ ಬ್ಯಾನರ್ ಕಟ್ಟಿ, ಹೂಗುಚ್ಛ ಕೊಟ್ಟು, ಫೋಟೋ ತೆಗೆಸಿಕೊಂಡರೆ ಸಾಲದು. ಚಾಲಕರು ಬದಲಾಗುತ್ತಲೇ ಇರುತ್ತಾರೆ, ನಿಯಮಗಳೂ ಬದಲಾಗುತ್ತವೆ. ಪಾಠ ತಿಂಗಳು ತಿಂಗಳೂ ನಡೆಯಬೇಕು.

ಚಾಲಕರಿಗೆ ಬಿಡುವೆಲ್ಲಿದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಬಿಡುವಿದೆ. ಬೆಳಗಾಗುವುದರೊಳಗೆ ಸರಕು ಇಳಿಸಿದ ಲಾರಿ ವಾಪಸು ಲೋಡಿಗಾಗಿಯೋ, ಹಗಲಿನ ಭಾರಿ ವಾಹನ ನಿರ್ಬಂಧದ ಸಮಯ ಕಳೆಯಲೆಂದೋ ಕಾದು ನಿಲ್ಲುವುದುಂಟು. ಮೊದಲು ಅವನಿಗೆ ನಿದ್ದೆ ಬೇಕು; ಅದನ್ನು ಕಿತ್ತುಕೊಂಡು ಸುರಕ್ಷತೆಯ ಭಾಷಣ ಮಾಡುವುದು ಹಾಸ್ಯಾಸ್ಪದ. 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದದ್ದನ್ನೂ ಆ ಪಾಠದಲ್ಲೇ ಹೇಳಬೇಕು, ಮಾಲೀಕರ ಎದುರಿಗೇ ಹೇಳಬೇಕು. ಸಂಜೆ ನಾಲ್ಕರ ಹೊತ್ತಿಗೆ ಒಂದು ತಿಂಡಿ, ಒಂದು ಕಾಫಿ ಕೊಟ್ಟು ಕರೆದರೆ ಬರುವವರು ಬರುತ್ತಾರೆ.

ಪಾಠದಲ್ಲಿ ಕಾನೂನೊಂದೇ ಇದ್ದರೆ ಯಾರೂ ಕೂರುವುದಿಲ್ಲ. ನಿಂತ ಲಾರಿಯ ಎಡಬದಿಗೆ ಒಂದು ಸ್ಕೂಟರ್ ನಿಲ್ಲಿಸಿ, ಚಾಲಕನನ್ನು ಸೀಟಿಗೆ ಹತ್ತಿಸಿ, ಕನ್ನಡಿಯಲ್ಲಿ ಅದು ಎಲ್ಲಿ ಮಾಯವಾಗುತ್ತದೆ ಎಂದು ತೋರಿಸಬೇಕು. ಕೆಟ್ಟು ನಿಂತ ಗಾಡಿಯ ಹಿಂದೆ ತ್ರಿಕೋನ ಫಲಕ ಎಷ್ಟು ದೂರ ಇಟ್ಟರೆ ಕತ್ತಲಲ್ಲಿ ಬರುವವನಿಗೆ ಕಾಣುತ್ತದೆಂದು ನಡೆದು ತೋರಿಸಬೇಕು. ಡಿಎಲ್, ಆರ್‌ಸಿಗಳನ್ನು ಡಿಜಿಲಾಕರ್‌ಗೆ ಹಾಕಿಕೊಡಬೇಕು, ಬಾಕಿ ಚಲನ್ ಇದೆಯೇ ಎಂದು ಅಲ್ಲೇ ಫೋನಿನಲ್ಲಿ ನೋಡಿ ಹೇಳಬೇಕು. ಇಲಾಖೆಯಿಂದ ಬರುವ ಅಧಿಕಾರಿ ತಮಿಳಿನಲ್ಲೇ ಮಾತನಾಡಲಿ. ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳಬಲ್ಲವರಿಗೆ ಚೆನ್ನೈನ ಯಾವ ಕನ್ನಡ ಸಂಘದಲ್ಲೂ ಕೊರತೆಯಿಲ್ಲ.