ಚಿರತೆಗೆ ಹೆದರಿ ಒಳಗೆ ಕೂಡಿದ್ದು ನೀವು, ಒದೆ ಮಾತ್ರ ನಾಯಿಗಾ?

ನಮ್ಮ ಕಡೆ ಈಗ ಹೊಸ ದೂರೊಂದು ಶುರುವಾಗಿದೆ. ಡೇರಿ ಮುಂದೆ ಹಾಲಿನ ಕ್ಯಾನ್ ಇಟ್ಟುಕೊಂಡು ನಿಂತವರು, ಟೀ ಅಂಗಡಿ ಬೆಂಚಿನ ಮೇಲೆ ಕೂತವರು, ಎಲ್ಲರದೂ ಒಂದೇ ಮಾತು: "ನಾಲ್ಕು ವರ್ಷದ ನಾಯಿ ಕಣಣ್ಣ, ಮರಿ ಏನಲ್ಲ. ರಾತ್ರಿ ಒಳಗೆ ಮಲಗಿಸಿದ್ರೆ ಬೆಳಿಗ್ಗೆ ಹಾಲ್ ತುಂಬ ಉಚ್ಚೆ. ಬೇಕೂಂತ್ಲೇ ಮಾಡ್ತೈತೆ."

ಪರಿಹಾರ ಹೇಳುವವರಿಗೂ ಬರವಿಲ್ಲ. ಒಬ್ಬ ಮೂತಿ ಹಿಡಿದು ಅದೇ ಉಚ್ಚೆಗೆ ತಿಕ್ಕು ಅನ್ನುತ್ತಾನೆ. ಇನ್ನೊಬ್ಬ ರಾತ್ರಿ ನೀರೇ ಇಡಬೇಡ ಅನ್ನುತ್ತಾನೆ. ಮೂರನೆಯವನು ಟೀ ಲೋಟ ಕೆಳಗಿಟ್ಟು ತೀರ್ಪು ಕೊಡುತ್ತಾನೆ: "ಗೋಣಿಚೀಲಕ್ಕೆ ಹಾಕ್ಕೊಂಡು ಹೋಗಿ ಕೆರೆ ಏರಿ ಆಚೆ ಬಿಟ್ಟು ಬಾ."

ಈ ಮೂರೂ ತಪ್ಪು. ಮೂರನೆಯದು ತಪ್ಪಷ್ಟೇ ಅಲ್ಲ, ಅಪರಾಧ.

ಮೊದಲು, ಈ ನಾಯಿಗಳು ಮನೆಯೊಳಗೆ ಬಂದದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ನಾಯಿ ಯಾವತ್ತೂ ಒಳಗೆ ಮಲಗಿದ ಪ್ರಾಣಿಯಲ್ಲ. ಜಗಲಿ, ಕೊಟ್ಟಿಗೆ ಬಾಗಿಲು, ಹುಲ್ಲಿನ ಮೆದೆ, ಅಲ್ಲೇ ಅದರ ಜಾಗ. ಮನೆಯವರ ಊಟ ಮುಗಿದ ಮೇಲೆ ಮಿಕ್ಕ ಮುದ್ದೆ, ಸಾರು ತಿಂದು ಎದ್ದು ಹೋಗುತ್ತಿತ್ತು. ತಿಪ್ಪೆ ಕಡೆಯೋ ಹೊಲದ ಬದುವಿನ ಕಡೆಯೋ ಹೋಗಿ ತನ್ನ ಕೆಲಸ ಮುಗಿಸಿ ಬರುತ್ತಿತ್ತು. ಅದಕ್ಕೆ ಯಾರೂ ಬಾಗಿಲು ತೆಗೆಯಬೇಕಿರಲಿಲ್ಲ, ಯಾಕೆಂದರೆ ಅದಕ್ಕೆ ಬಾಗಿಲೇ ಇರಲಿಲ್ಲ.

ಆಮೇಲೆ ಎರಡು ಆಯಿತು. ಒಂದು, ಮನೆಗಳು ಬದಲಾದವು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಭೂಮಿಗೆ ಬಂದ ಬೆಲೆ ನಿಮಗೆ ಗೊತ್ತೇ ಇದೆ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಜಗಲಿ ಹೋಗಿ ಗ್ರಿಲ್ ಬಂತು, ಸೆಗಣಿ ಸಾರಿಸಿದ ನೆಲ ಹೋಗಿ ಟೈಲ್ಸ್ ಬಂತು. ಎರಡನೆಯದು ಚಿರತೆ. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲ್ಲೂಕಿನ ಶಿವಗಂಗೆ ಕಡೆಯ ಗೊಲ್ಲರಹಟ್ಟಿಯೊಂದರಲ್ಲಿ ಹುಲ್ಲು ತರಲು ಹೋದ ಹೆಣ್ಣುಮಗಳೊಬ್ಬರು ಚಿರತೆ ಬಾಯಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅದಾದ ಮೇಲೆ ನಾನು ಸುದ್ದಿಗೆ ಓಡಾಡುವ ಎಷ್ಟೋ ಊರುಗಳಲ್ಲಿ ಕತ್ತಲಾಗುತ್ತಿದ್ದಂತೆ ನಾಯಿಯನ್ನು ಒಳಗೆ ಕೂಡಿ ಚಿಲಕ ಹಾಕುವುದು ರೂಢಿಯಾಗಿದೆ.

ಒಳಗೆ ಕೂಡಿದ್ದು ಸರಿಯೇ. ಅದರಲ್ಲಿ ತಕರಾರಿಲ್ಲ. ಮಹಾರಾಷ್ಟ್ರದ ಅಕೋಲೆ ಸುತ್ತ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳು ಏನು ತಿನ್ನುತ್ತವೆ ಅಂತ ವಿದ್ಯಾ ಅತ್ರೇಯ ಮತ್ತವರ ತಂಡ ಲದ್ದಿ ಪರೀಕ್ಷೆ ಮಾಡಿ ನೋಡಿದಾಗ, ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕುನಾಯಿ, ಬೀದಿನಾಯಿಗಳೇ ಇದ್ದವು. ಅಂದರೆ ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಕಾವಲು ಕಾಯುವುದಿಲ್ಲ, ಚಿರತೆಯನ್ನು ಊಟಕ್ಕೆ ಕರೆಯುತ್ತದೆ.

ಆದರೆ ಕೂಡಿದ ಮೇಲೆ ನೀವು ಬದಲಿಸಿದ್ದೇನು? ಏನೂ ಇಲ್ಲ. ನಾಯಿಗೆ ಊಟ ಈಗಲೂ ರಾತ್ರಿ ಒಂಬತ್ತೂವರೆಗೆ, ಮನೆಯವರ ಊಟ, ಧಾರಾವಾಹಿ ಎಲ್ಲ ಮುಗಿದ ಮೇಲೆ. ಹಾಕುವುದು ಉಪ್ಪು ಖಾರ ಬಿದ್ದ ಸಾರು. ಉಪ್ಪು ತಿಂದದ್ದು ನೀರು ಕುಡಿಯುತ್ತದೆ, ನೀರು ಕುಡಿದದ್ದು ಉಚ್ಚೆ ಹುಯ್ಯುತ್ತದೆ. ಇದನ್ನು ಹೇಳಲು ಜರ್ನಲಿಸಂ ಡಿಪ್ಲೊಮಾ ಬೇಕಿಲ್ಲ. ಊಟ ಮಾಡಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ನಾಯಿಗೆ ಹೊರಗೆ ಹೋಗಬೇಕು ಅನ್ನಿಸುತ್ತದೆ. ಅಷ್ಟು ಹೊತ್ತಿಗೆ ನೀವು ಚಿಲಕ ಹಾಕಿ ಮಲಗಿರುತ್ತೀರಿ. ಆರೋಗ್ಯವಾಗಿರುವ ದೊಡ್ಡ ನಾಯಿ ಆರರಿಂದ ಎಂಟು ಗಂಟೆ ತಡೆದುಕೊಳ್ಳಬಲ್ಲದು. ಆದರೆ ಹೊಟ್ಟೆ ತುಂಬಿಸಿ, ಖಾಲಿ ಮಾಡಲು ಬಿಡದೆ ಕೂಡಿದರೆ ಆ ಲೆಕ್ಕ ಎಲ್ಲಿ ಉಳಿಯುತ್ತದೆ?

ಇನ್ನು "ಬೇಕೂಂತ್ಲೇ ಮಾಡ್ತೈತೆ" ಅನ್ನುವ ಮಾತು. ಬೈದಾಗ ಕಿವಿ ಮಡಚಿ ಬಾಲ ಒಳಗೆ ಹಾಕಿ ನೆಲ ನೋಡುತ್ತದಲ್ಲ, ತಪ್ಪು ಗೊತ್ತಿದ್ದೇ ಅಲ್ಲವಾ ಹಾಗೆ ನಿಲ್ಲೋದು ಅಂತ ಕೇಳುತ್ತೀರಿ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ತಿಂಡಿ ಮುಟ್ಟಬೇಡ ಅಂತ ಹೇಳಿ ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿತು ಅಂತಲೋ ತಿನ್ನಲಿಲ್ಲ ಅಂತಲೋ ಅವರಿಗೆ ಹೇಳಲಾಗುತ್ತಿತ್ತು. ಕೆಲವು ಸಲ ಹೇಳಿದ್ದು ಸುಳ್ಳು. ನಾಯಿಯ ಆ ತಪ್ಪಿತಸ್ಥ ಮುಖ ಬಂದದ್ದು ತಿಂದದ್ದಕ್ಕೆ ಅಲ್ಲ, ಬೈದದ್ದಕ್ಕೆ. ಏನೂ ಮಾಡದೆ ಬೈಸಿಕೊಂಡ ನಾಯಿಯೂ ಹಾಗೇ ನಿಂತಿತು.

ರಾತ್ರಿ ಎರಡಕ್ಕೆ ಹುಯ್ದ ಉಚ್ಚೆಗೆ ಬೆಳಿಗ್ಗೆ ಆರಕ್ಕೆ ಮೂತಿ ತಿಕ್ಕಿದರೆ ಅದಕ್ಕೆ ತಿಳಿಯುವುದು ಒಂದೇ: ನೆಲದ ಮೇಲೆ ಒದ್ದೆ ಇದ್ದಾಗ ಈ ಯಪ್ಪನ ಕೈಗೆ ಸಿಗಬಾರದು. ನಾಳೆಯಿಂದ ಅದು ಮಂಚದ ಕೆಳಗೋ ರಾಗಿ ಮೂಟೆ ಹಿಂದೆಯೋ ಹೋಗಿ ಹುಯ್ಯುತ್ತದೆ. ನಿಮ್ಮ ಮುಂದೆ ಹೊರಗೆ ಕರೆದುಕೊಂಡು ಹೋದರೂ ಹೆದರಿ ಹುಯ್ಯುವುದಿಲ್ಲ. ಅಲ್ಲಿಗೆ ಇದ್ದ ಸಮಸ್ಯೆಯನ್ನು ಕೈಯಾರೆ ಎರಡು ಮಾಡಿಕೊಂಡಿರಿ.

ಕಾಲೊರಸಿನ ಮೇಲೇ ಯಾಕೆ ಹುಯ್ಯುತ್ತೆ ಅಂತ ಕೆಲವರು ಕೇಳುತ್ತಾರೆ. ಹುಟ್ಟಿದಾಗಿನಿಂದ ಮಣ್ಣು, ಹುಲ್ಲಿನ ಮೇಲೆ ಹುಯ್ದು ಅಭ್ಯಾಸವಾದ ನಾಯಿಗೆ ನುಣುಪು ಟೈಲ್ಸ್ ಮೇಲೆ ಸರಿಯಾದ ಜಾಗವೇ ಕಾಣುವುದಿಲ್ಲ. ಕಾಲಿಗೆ ಮೆತ್ತಗೆ, ಒರಟಾಗಿ ಸಿಗುವುದು ಕಾಲೊರಸು, ಗೋಣಿಚೀಲ. ಪಾಪ, ಅದು ತನಗೆ ತಿಳಿದಷ್ಟರಲ್ಲಿ ಸರಿಯಾದ ಜಾಗವನ್ನೇ ಹುಡುಕಿಕೊಂಡಿರುತ್ತದೆ.

ಹಾಗಾದರೆ ಏನು ಮಾಡಬೇಕು? ಊಟ ಸಂಜೆ ಆರೂವರೆಗೆ ಹಾಕಿ. ನಿಮ್ಮ ಸಾರಿಗೆ ಒಗ್ಗರಣೆ ಬೀಳುವ ಮೊದಲೇ ಅದರ ಪಾಲು ತೆಗೆದಿಡಿ. ಮುದ್ದೆಯೋ ಅನ್ನವೋ, ಬೇಯಿಸಿದ ಮೊಟ್ಟೆಯೋ ಇರಲಿ. ಈರುಳ್ಳಿ ಬೇಡ, ಅದು ನಾಯಿಯ ರಕ್ತಕ್ಕೇ ವಿಷ. ಚಿಕನ್ ಅಂಗಡಿಯಿಂದ ಕವರಲ್ಲಿ ತರುವ ಹಸಿ ವೇಸ್ಟ್ ನಿಲ್ಲಿಸಿ, ಬೆಳಗಿನ ಭೇದಿಗೆ ಅರ್ಧ ಕಾರಣ ಅದೇ. ನೀರು ಮಾತ್ರ ಯಾವತ್ತೂ ಬಂದ್ ಮಾಡಬೇಡಿ. ಮಲಗುವ ಮುಂಚೆ ಒಂದು ಸಲ, ಹತ್ತು ನಿಮಿಷ ಹೊರಗೆ ಕರೆದುಕೊಂಡು ಹೋಗಿ, ಹುಯ್ಯುವ ತನಕ ನಿಲ್ಲಿ. ಹುಯ್ದ ತಕ್ಷಣ ಅಲ್ಲೇ ಒಂದು ಬಿಸ್ಕತ್ ಚೂರು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟಿರಿ ಅಂತ ಅದಕ್ಕೆ ತಿಳಿಯದು. ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಹೇಗೂ ಏಳುತ್ತೀರಿ. ಹಸುವಿನ ಹತ್ತಿರ ಹೋಗುವ ಮೊದಲು ನಾಯಿಯನ್ನು ಬಿಡಿ.

"ರಾತ್ರಿ ಹೊತ್ತು ಚಿರತೆ ಇರೋ ಜಾಗದಲ್ಲಿ ಯಾರ್ ಸಾ ಹೊರಗೆ ಹೋಗ್ತಾರೆ?" ನ್ಯಾಯವಾದ ಪ್ರಶ್ನೆ. ಬದುವಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಜನ ಓಡಾಡುವ ಹೊತ್ತಿಗೇ, ದೀಪದ ಬೆಳಕಲ್ಲಿ, ಹಗ್ಗ ಕೈಯಲ್ಲಿ ಹಿಡಿದು ಕಾಂಪೌಂಡ್ ಒಳಗೇ ಮುಗಿಸಿ. ಕಾಂಪೌಂಡ್ ಇಲ್ಲದವರು, ಬೆಟ್ಟದ ಬುಡದಲ್ಲಿ ಒಂಟಿ ಮನೆ ಇರುವವರು ಗಾರೆ ಕೆಲಸದ ಹಳೆ ಬಾಂಡ್ಲಿಗೆ ಹೊಲದ ಮಣ್ಣು ತುಂಬಿ ಬಚ್ಚಲ ಮನೆಯಲ್ಲೋ ಗ್ರಿಲ್ ಒಳಗೋ ಇಡಿ. ಅದರ ಉಚ್ಚೆ ಒರೆಸಿದ ಬಟ್ಟೆಯ ತುಂಡೊಂದನ್ನು ಮೊದಲ ದಿನ ಆ ಮಣ್ಣಿನ ಮೇಲೆ ಹಾಕಿ. ವಾಸನೆ ಹಿಡಿದು ಅಲ್ಲಿಗೇ ಹೋಗುತ್ತದೆ. ಎರಡು ದಿನಕ್ಕೊಮ್ಮೆ ಮಣ್ಣು ಬದಲಿಸಿ.

ಒರೆಸುವುದರಲ್ಲೂ ಒಂದು ಮೋಸ ಇದೆ. ಫಿನಾಯಿಲ್ ಹಾಕಿದರೆ ನಿಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿ ಮೂಗಿಗೆ ಹೋಗುವುದಿಲ್ಲ. ಹಳೆ ಗುರುತು ಸಿಕ್ಕಲ್ಲೇ ಅದು ಮತ್ತೆ ಹುಯ್ಯುತ್ತದೆ. ಮೊದಲು ಬಟ್ಟೆಯಲ್ಲಿ ಪೂರ್ತಿ ಹೀರಿಸಿ, ಸೋಪುಪುಡಿ ನೀರಲ್ಲಿ ಉಜ್ಜಿ ತೊಳೆದು, ಆಮೇಲೆ ನೀರಿಗೆ ವಿನೆಗರ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಸಿಮೆಂಟ್ ನೆಲವಾದರೆ ಒಳಗೆ ಇಳಿದಿರುತ್ತದೆ, ಎರಡು ಮೂರು ಸಲ ಮಾಡಬೇಕು. ಬರಿಗೈಯಲ್ಲಿ ಬೇಡ. ಇಲಿಜ್ವರ ಅಂತೀವಲ್ಲ, ಅದು ಸೋಂಕಿರುವ ನಾಯಿಯ ಉಚ್ಚೆಯಿಂದಲೂ ಬರುತ್ತದೆ. ಕೈಯಲ್ಲಿ ಗಾಯ ಇದ್ದವರು, ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ, ಅಥವಾ ವರ್ಷಗಟ್ಟಲೆ ಒಳಗೆ ಸರಿಯಾಗಿದ್ದ ನಾಯಿ ದಿಢೀರನೆ ಶುರು ಮಾಡಿದ್ದರೆ, ಅದು ರೋಗ. ಮಲಗಿದ್ದ ಗೋಣಿಚೀಲ, ಹಿಂಗಾಲು ಒದ್ದೆಯಾಗಿದ್ದರೆ ನಿದ್ದೆಯಲ್ಲೇ ಸೋರುತ್ತಿದೆ ಅಂತ ಅರ್ಥ. ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ, ವಯಸ್ಸಾದವುಗಳಲ್ಲಿ ಇದು ಸಾಮಾನ್ಯ, ಔಷಧ ಇದೆ. ಬಟ್ಟಲು ಬಟ್ಟಲು ನೀರು ಕುಡಿದು ಕೊಳದಂತೆ ಹುಯ್ಯುತ್ತಿದ್ದರೆ ಸಕ್ಕರೆ ಕಾಯಿಲೆಯೋ ಕಿಡ್ನಿಯೋ ನೋಡಿಸಬೇಕು. ಇಂಥ ನಾಯಿಗೇ ನೀರು ಬಂದ್ ಮಾಡಿದರೆ ಕೊಂದ ಹಾಗೆ. ಚೂರು ಚೂರು, ಮತ್ತೆ ಮತ್ತೆ, ರಕ್ತ ಬೆರೆತು ಬಂದರೆ ಮೂತ್ರದ ಸೋಂಕು ಅಥವಾ ಕಲ್ಲು. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಮಂಕಾಗಿ, ಅನ್ನ ಬಿಟ್ಟು, ಬರೀ ನೀರು ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ. ಹನ್ನೆರಡು ಹದಿಮೂರು ವರ್ಷದ ನಾಯಿ ರಾತ್ರಿ ಸುಮ್ಮನೆ ಸುತ್ತು ಹಾಕುತ್ತ, ಬಾಗಿಲು ಯಾವ ಕಡೆ ಅಂತಲೂ ತಿಳಿಯದೆ ಮೂಲೆಯಲ್ಲಿ ನಿಂತರೆ ಅದಕ್ಕೆ ಅರಳುಮರಳು. ನಮ್ಮ ಮನೆಯ ಅಜ್ಜಿಯರಿಗೆ ಆಗುವುದಿಲ್ಲವೇ, ಹಾಗೇ.

ಗಂಡುನಾಯಿ ಕಾಲೆತ್ತಿ ಬೈಕಿನ ಚಕ್ರಕ್ಕೆ, ಗ್ಯಾಸ್ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಹುಯ್ಯುವುದು ಬೇರೆ ಕಥೆ. ಕಳ್ಳರ ಭಯಕ್ಕೆ ರಾತ್ರಿ ಬೈಕನ್ನು ಹಾಲ್ ಒಳಗೇ ನಿಲ್ಲಿಸುತ್ತೀರಿ. ಆ ಚಕ್ರದಲ್ಲಿ ಊರಿನ ನಾಯಿಗಳ ಉಚ್ಚೆ ವಾಸನೆಯೆಲ್ಲ ಮನೆಗೆ ಬಂದಿರುತ್ತದೆ. ನಿಮ್ಮ ನಾಯಿ ಅದರ ಮೇಲೆ ತನ್ನ ಸಹಿ ಹಾಕುತ್ತದೆ, ಅಷ್ಟೇ. ಚಕ್ರ ತೊಳೆಯಿರಿ, ಆಪರೇಷನ್ ಮಾಡಿಸಿ.

ತಾಲ್ಲೂಕು ಪಶು ಆಸ್ಪತ್ರೆಗೆ ನಾಯಿ ತಗೊಂಡು ಹೋಗಲು ನಮ್ಮ ಜನಕ್ಕೆ ನಾಚಿಕೆ. ಹಸುವಿಗೆ ಮಾತ್ರ ಅಂದುಕೊಂಡಿದ್ದಾರೆ. ಅಲ್ಲಿ ನಾಯಿಯನ್ನೂ ನೋಡಬೇಕು, ಕೇಳಿ ಪಡೆಯಿರಿ. ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಒಂದೇ ಬಸ್ಸಿನ ದಾರಿ.

ಈಗ ಕಾನೂನಿಗೆ ಬರೋಣ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರ 11ನೇ ಸೆಕ್ಷನ್‌ನಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ ಅಂತಿದೆ. ಯಾವಾಗಲೂ ಕಟ್ಟಿ ಹಾಕಿರುವ, ಕೂಡಿ ಹಾಕಿರುವ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧ ಅಂತ ಅದೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಅರವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ. ಹೊಸಕೋಟೆಯಲ್ಲಿ ಬೆಳಗಿನ ಜಾವ ಕ್ಯೂ ನಿಂತು ತಿನ್ನುವ ಬಿರಿಯಾನಿಯ ಅರ್ಧ ಪ್ಲೇಟೂ ಬರುವುದಿಲ್ಲ ಅದಕ್ಕೆ. ಕೆರೆ ಏರಿಗೆ ಗೋಣಿಚೀಲ ಹೊತ್ತವನಿಗೆ ಧೈರ್ಯ ಬರುವುದು ಇಲ್ಲಿಂದಲೇ. ಆದರೆ ವಿಷ ಹಾಕಿದರೆ, ಹೊಡೆದು ಕಾಲು ಮುರಿದರೆ, ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ. ಐದು ವರ್ಷದ ತನಕ ಜೈಲು.

2025ರಲ್ಲಿ ಬೀದಿನಾಯಿ ವಿಷಯ ಸುಪ್ರೀಂ ಕೋರ್ಟ್‌ನಲ್ಲಿ ನಡೆದಾಗ ನಮ್ಮೂರ ವಾಟ್ಸಾಪ್ ಗ್ರೂಪುಗಳಲ್ಲೂ ಯುದ್ಧವೇ ನಡೆಯಿತು. ಎಲ್ಲ ಹಿಡಿದು ಸಾಯಿಸಿ ಅಂದವರಲ್ಲಿ, ಸ್ವಂತ ನಾಯಿಯನ್ನು ಬೈಪಾಸ್ ಪಕ್ಕ ಇಳಿಸಿ ಬಂದವರೂ ಇದ್ದರು. ಕಾರಲ್ಲಿ ಬಂದು ಟೋಲ್ ದಾಟಿ ಬಿಟ್ಟು ಹೋಗುವ ಬೆಂಗಳೂರಿನವರನ್ನು ಬೈಯುವ ಮೊದಲು, ಪಕ್ಕದ ಹಳ್ಳಿಯ ಗಡಿಯಲ್ಲಿ ಬಿಟ್ಟು ಬರುವ ನಮ್ಮನ್ನೂ ಬೈದುಕೊಳ್ಳಬೇಕು. ಹಾಗೆ ಬಿಟ್ಟ ನಾಯಿಗೆ ಲಸಿಕೆ ಹಾಕಿಸುವವರಿಲ್ಲ. ಅದು ಹಸಿದು, ಹೆದರಿ, ಶಾಲೆಗೆ ಹೋಗುವ ಯಾರದೋ ಮಗುವನ್ನು ಕಚ್ಚುತ್ತದೆ. ಇಲ್ಲವೇ ಚಿರತೆಗೆ ಸಿಕ್ಕಿ, ಆ ಚಿರತೆ ಮತ್ತೆ ಅದೇ ಊರಿಗೆ ಬರುತ್ತದೆ.

ಕೊನೆಗೊಂದು ಮಾತು ಗಂಡಸರಿಗೆ. ಗೆಳೆಯನ ಹತ್ತಿರ ಮರಿ ತಂದವರು ನೀವು, ಲ್ಯಾಬ್ ಅಂತ ಹೆಮ್ಮೆಯಿಂದ ಸ್ಟೇಟಸ್ ಹಾಕಿದವರೂ ನೀವು. ಬೆಳಿಗ್ಗೆ ಉಚ್ಚೆ ಒರೆಸುವವರು ಮಾತ್ರ ನಿಮ್ಮ ತಾಯಿ ಅಥವಾ ಹೆಂಡತಿ. ನೀರು ತುಂಬಿ, ಹಾಲು ಕರೆದು, ಮಕ್ಕಳ ಡಬ್ಬಿ ಕಟ್ಟುವ ಹೊತ್ತಲ್ಲಿ ಅದೂ ಅವರ ಪಾಲಿಗೆ. ಆಕೆ ಬೇಸತ್ತು "ಎಲ್ಲಾದ್ರೂ ಬಿಟ್ ಬನ್ನಿ" ಅಂದರೆ ಅದು ನಾಯಿಯ ಮೇಲಿನ ಸಿಟ್ಟಲ್ಲ. ಒಂದು ವಾರ ನೀವೇ ಒರೆಸಿ ನೋಡಿ. ರಾತ್ರಿ ಹತ್ತು ನಿಮಿಷ ಹಗ್ಗ ಹಿಡಿದು ನಿಲ್ಲುವುದು ಎಷ್ಟು ಸುಲಭ ಅಂತ ಎಂಟನೇ ದಿನ ತಿಳಿಯುತ್ತದೆ.

ಸಾಕಲು ನಿಜವಾಗಿಯೂ ಆಗದಿದ್ದರೆ ಮುಚ್ಚಿಡಬೇಡಿ. ಊರಿನ ಗ್ರೂಪಲ್ಲಿ ಹಾಕಿ, ನಂಟರಲ್ಲಿ ಕೇಳಿ, ತೋಟದ ಮನೆಯವರನ್ನು ವಿಚಾರಿಸಿ. ಕೊಡುವಾಗ ಲಸಿಕೆ ಚೀಟಿ ಕೈಗಿಡಿ, ರಾತ್ರಿ ಒಳಗೆ ಉಚ್ಚೆ ಹುಯ್ಯುತ್ತೆ ಅನ್ನುವುದನ್ನೂ ಹೇಳಿಯೇ ಕೊಡಿ. ಹೇಳದೆ ಕೊಟ್ಟರೆ ಆ ಮನೆಯವರು ಮುಂದಿನ ವಾರ ಅದೇ ಕೆರೆ ಏರಿಗೆ ಹೊರಡುತ್ತಾರೆ.