ನದಿಯ ಮಟ್ಟ ರಾಜತಾಂತ್ರಿಕ ಗುಟ್ಟಲ್ಲ

ದಕ್ಷಿಣ ಏಷ್ಯಾದ ದೇಶಗಳು ಚಂಡಮಾರುತದ ವಿಷಯದಲ್ಲಿ ಒಂದು ರೀತಿ, ನದಿ ಪ್ರವಾಹದ ವಿಷಯದಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತ ಬಂದಿವೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಚಂಡಮಾರುತ ರೂಪುಗೊಳ್ಳುವ ಲಕ್ಷಣ ಕಂಡರೆ ಸಾಕು, ದೆಹಲಿಯ ಹವಾಮಾನ ಇಲಾಖೆಯಿಂದ ಢಾಕಾ, ಕೊಲಂಬೊ, ಮಸ್ಕತ್, ಕರಾಚಿಗಳಿಗೆ ಸೂಚನೆ ಹೋಗುತ್ತದೆ. ಅದಕ್ಕೆ ಯಾವ ವಿದೇಶಾಂಗ ಸಚಿವರ ಅಪ್ಪಣೆಯೂ ಬೇಕಿಲ್ಲ. ಗಡಿ ದಾಟುವ ನದಿ ಉಕ್ಕಿದಾಗ ಮಾತ್ರ ಲೆಕ್ಕಾಚಾರ ಬದಲಾಗುತ್ತದೆ. ಕೆಳಗಿನ ದೇಶಕ್ಕೆ ಮಾಹಿತಿ ಕೊಡಬೇಕೇ, ಎಷ್ಟು ಕೊಡಬೇಕು, ಯಾರ ಮೂಲಕ ಕೊಡಬೇಕು ಎಂಬುದೆಲ್ಲ ಆ ವರ್ಷದ ರಾಜಕೀಯ ಸಂಬಂಧ ಹೇಗಿದೆ ಎಂಬುದರ ಮೇಲೆ ನಿಲ್ಲುತ್ತದೆ. ಈ ಎರಡನೆಯ ಪದ್ಧತಿ ಅನ್ಯಾಯದ್ದು ಮಾತ್ರವಲ್ಲ, ಮೂರ್ಖತನದ್ದೂ ಹೌದು. ಅದರಿಂದ ಹೆಚ್ಚು ಪೆಟ್ಟು ತಿನ್ನಬೇಕಾದ ದೇಶಗಳ ಸಾಲಿನಲ್ಲಿ ಭಾರತವೂ ಇದೆ.

ಚಂಡಮಾರುತದ ವ್ಯವಸ್ಥೆ ಸುಮ್ಮನೆ ಹುಟ್ಟಲಿಲ್ಲ. 1970ರ ನವೆಂಬರ್‌ನಲ್ಲಿ ಆಗಿನ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. ಎರಡು ವರ್ಷದ ಬಳಿಕ, 1972ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಪ್ರಾದೇಶಿಕ ಆಯೋಗ ಸೇರಿ ಚಂಡಮಾರುತಗಳಿಗಾಗಿಯೇ ಒಂದು ಮಂಡಳಿ ರಚಿಸಿದವು. ಈಗ ಅದರಲ್ಲಿ 13 ದೇಶಗಳಿವೆ. ಭಾರತ, ಪಾಕಿಸ್ತಾನ, ಇರಾನ್, ಸೌದಿ ಅರೇಬಿಯಾ, ಯೆಮನ್ ಒಂದೇ ಮೇಜಿನ ಸುತ್ತ ಕೂರುತ್ತವೆ. 2004ರಿಂದ ಬಿರುಗಾಳಿಗಳಿಗೆ ಹೆಸರನ್ನೂ ಸರದಿಯಂತೆ ಮಂಡಳಿಯ ಸದಸ್ಯ ದೇಶಗಳೇ ಇಡುತ್ತಿವೆ. 2023ರ ಜೂನ್‌ನಲ್ಲಿ ಗುಜರಾತಿನ ಜಖಾವು ಬಂದರಿನ ಬಳಿ ದಡ ಸೇರಿದ ಬಿಪರ್‌ಜಾಯ್‌ಗೆ ಆ ಹೆಸರು ಕೊಟ್ಟದ್ದು ಬಾಂಗ್ಲಾದೇಶ. ಆಗ ಕಚ್ಛ್‌ನಲ್ಲೂ ಆಚೆಯ ಸಿಂಧ್‌ನಲ್ಲೂ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಕಾರ್ಗಿಲ್ ಆಯಿತು, ಮುಂಬೈ ದಾಳಿ ಆಯಿತು, ಪುಲ್ವಾಮಾ ಆಯಿತು. ಚಂಡಮಾರುತದ ಸೂಚನೆ ನಿಲ್ಲಲಿಲ್ಲ. ನಿಲ್ಲಿಸಿ ಎಂದು ಯಾರೂ ಕೇಳಲೂ ಇಲ್ಲ.

ನದಿಯ ಕಡೆಯ ಸ್ಥಿತಿ ತಿಳಿಯಲು 2024ರ ಆಗಸ್ಟ್ 21ನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತ್ರಿಪುರಾದಲ್ಲೂ ಬಾಂಗ್ಲಾದೇಶದ ಪೂರ್ವದ ಜಿಲ್ಲೆಗಳಲ್ಲೂ ಮಳೆ ಸುರಿಯುತ್ತಿತ್ತು. ಗುಮ್ತಿ ನದಿಯ ಮೇಲಿನ ಡುಂಬೂರ್ ಅಣೆಕಟ್ಟನ್ನು ಭಾರತ ಬೇಕೆಂದೇ ತೆರೆದು ಬಾಂಗ್ಲಾದೇಶವನ್ನು ಮುಳುಗಿಸಿತು ಎಂಬ ಸುದ್ದಿ ಅಂದೇ ಹಬ್ಬಿತು. ಬಾಂಗ್ಲಾದೇಶದ ಪದಚ್ಯುತ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ದೆಹಲಿ ಸೇರಿ ಆಗಿನ್ನೂ ಎರಡು ವಾರ ಕಳೆದಿತ್ತಷ್ಟೇ. ಢಾಕಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮಧ್ಯಂತರ ಸರ್ಕಾರದೊಳಗಿನವರೂ ದನಿಗೂಡಿಸಿದರು. ಮರುದಿನ ಭಾರತದ ವಿದೇಶಾಂಗ ಸಚಿವಾಲಯ ಉತ್ತರ ಕೊಟ್ಟಿತು. ಅಣೆಕಟ್ಟು ಗಡಿಯಿಂದ 120 ಕಿಲೋಮೀಟರ್‌ಗೂ ದೂರದಲ್ಲಿದೆ, ಎತ್ತರ ಸುಮಾರು 30 ಮೀಟರ್ ಮಾತ್ರ, ಒಳಹರಿವು ಹೆಚ್ಚಿದಾಗ ನೀರು ತಾನಾಗಿ ಹೊರಬಿದ್ದಿದೆ, ಪ್ರವಾಹಕ್ಕೆ ಮುಖ್ಯ ಕಾರಣ ಅಣೆಕಟ್ಟಿನ ಕೆಳಗಿನ ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆ, ಇದು ಅದರ ವಾದ. ಆರೋಪಕ್ಕೆ ಭೂಗೋಳದ ಆಧಾರವೂ ಇರಲಿಲ್ಲ. ಹೆಚ್ಚು ಹಾನಿಯಾದ ಫೇನಿ ಜಿಲ್ಲೆಗೆ ನುಗ್ಗಿದ್ದು ಮುಹುರಿ ನದಿಯ ನೀರು. ಗುಮ್ತಿ ಹರಿಯುವುದು ಕೊಮಿಲ್ಲಾ ಕಡೆಗೆ.

ಆದರೆ ಅದೇ ಹೇಳಿಕೆಯ ಇನ್ನೊಂದು ಭಾಗದ ಮೇಲೆ ಚರ್ಚೆ ನಡೆಯಲೇ ಇಲ್ಲ. ಡುಂಬೂರ್‌ನಿಂದ ಗಡಿಯವರೆಗಿನ ಹಾದಿಯಲ್ಲಿ ನೀರಿನ ಮಟ್ಟ ಅಳೆಯುವ ಜಾಗಗಳು ಮೂರು: ಅಮರಪುರದಲ್ಲಿ ಒಂದು, ಸೋನಾಮುರಾದಲ್ಲಿ ಎರಡು. ದ್ವಿಪಕ್ಷೀಯ ಒಡಂಬಡಿಕೆಯ ಪ್ರಕಾರ ಬಾಂಗ್ಲಾದೇಶಕ್ಕೆ ಆಗಿಂದಾಗ ಮಾಹಿತಿ ಹೋಗುವುದು ಅಮರಪುರದಿಂದ. 21ರ ಮಧ್ಯಾಹ್ನ 3 ಗಂಟೆಯವರೆಗೆ ನೀರು ಏರುತ್ತಿರುವ ಅಂಕಿಗಳು ಹೋದವು. ಸಂಜೆ 6ಕ್ಕೆ ಪ್ರವಾಹದಿಂದಲೇ ವಿದ್ಯುತ್ ಕೈಕೊಟ್ಟಿತು, ಸಂಪರ್ಕಕ್ಕೆ ಅಡಚಣೆಯಾಯಿತು. ಎರಡು ದೇಶಗಳ ನಡುವಿನ ಪ್ರವಾಹ ಎಚ್ಚರಿಕೆಯ ವ್ಯವಸ್ಥೆಯೊಂದು ಪ್ರವಾಹ ಬಂದ ಕೂಡಲೇ ಕಣ್ಣುಮುಚ್ಚಿತು ಎಂದರ್ಥ. 54 ನದಿಗಳನ್ನು ಹಂಚಿಕೊಂಡಿರುವ, ಒಂದು ಕಡೆ ಚಂದ್ರನ ಮೇಲೆ ನೌಕೆ ಇಳಿಸಿರುವ ನೆರೆಹೊರೆಯಲ್ಲಿ ಈ ಸ್ಥಿತಿ. ಭಾರತ ನೀರು ಬಿಟ್ಟಿತು ಎಂಬುದು ಸುಳ್ಳು ಆರೋಪ. ಭಾರತ ತನ್ನ ಕರ್ತವ್ಯವನ್ನು ಪೂರ್ತಿ ಮಾಡಿತ್ತು ಎಂಬುದೂ ನಿಜವಲ್ಲ. ಅಂಕಿ ಬಾರದೆ ಹೋದಾಗ ಆ ಜಾಗವನ್ನು ವದಂತಿ ತುಂಬಿತು.

ಇಂಥ ಆರೋಪ ಕನ್ನಡಿಗರಿಗೆ ಹೊಸದಲ್ಲ. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರ ಬೆರಳು ತೋರಿಸಿದ್ದು ಆಲಮಟ್ಟಿಯ ಹಿನ್ನೀರಿನತ್ತ. ಬೆಳಗಾವಿ, ಬಾಗಲಕೋಟೆಯ ಜನ ಬೈದದ್ದು ಕೊಯ್ನಾದಿಂದ ಬಿಟ್ಟ ನೀರನ್ನು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ನಂದಕುಮಾರ್ ವಡ್ನೇರೆ ಸಮಿತಿ ಆ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದ ಮೇಲೂ ಆ ಮಾತು ನಿಂತಿಲ್ಲ. ಒಂದೇ ಸಂವಿಧಾನದಡಿಯ ಎರಡು ರಾಜ್ಯಗಳ ನಡುವೆ ಇಷ್ಟು ಅನುಮಾನವಿದ್ದರೆ, ಎರಡು ದೇಶಗಳ ನಡುವೆ ಎಷ್ಟಿರಬಹುದು ಎಂದು ಊಹಿಸಬಹುದು.

ಪಶ್ಚಿಮ ಗಡಿಯ ಕಥೆ ಇನ್ನೂ ಕಹಿಯಾದದ್ದು. ಪಹಲ್ಗಾಮ್ ಹತ್ಯಾಕಾಂಡದ ಮರುದಿನ, 2025ರ ಏಪ್ರಿಲ್ 23ರಂದು, ಭಾರತ 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಮೂರು ಯುದ್ಧಗಳನ್ನು ದಾಟಿ ಬಂದಿದ್ದ ಒಪ್ಪಂದವದು. ಅದರ ಜೊತೆಗೆ ಎರಡೂ ದೇಶಗಳ ಸಿಂಧೂ ಕಮಿಷನರ್‌ಗಳ ನಡುವೆ ನಡೆಯುತ್ತಿದ್ದ ಪ್ರವಾಹ ಮಾಹಿತಿಯ ವಿನಿಮಯವೂ ನಿಂತಿತು. ನಾಲ್ಕು ತಿಂಗಳಿಗೆ ಜಮ್ಮುವಿನ ತವಿ ನದಿ ಉಕ್ಕಿತು. ಆಗಸ್ಟ್ 24ರಂದು ಭಾರತ ಎಚ್ಚರಿಕೆ ಕೊಟ್ಟಿತು, ಆದರೆ ಇಸ್ಲಾಮಾಬಾದಿನ ಹೈಕಮಿಷನ್ ಮೂಲಕ, 'ಮಾನವೀಯ ನೆಲೆಯಲ್ಲಿ'. ಕೊಟ್ಟದ್ದು ಸರಿ, ಅದನ್ನು ಮೆಚ್ಚಲೇಬೇಕು. ಆದರೆ ನದಿಯ ಮಟ್ಟ ಎಂಜಿನಿಯರ್‌ನಿಂದ ಎಂಜಿನಿಯರ್‌ಗೆ ಹೋಗುವ ಬದಲು ರಾಯಭಾರ ಕಚೇರಿಯನ್ನು ಸುತ್ತಿ ಬಂದರೆ ಗಂಟೆಗಳು ಕಳೆಯುತ್ತವೆ, ಮತ್ತು ಪ್ರವಾಹಕ್ಕೆ ಸಿಕ್ಕವರ ಬಳಿ ಇರುವುದೇ ಕೆಲವು ಗಂಟೆ. ಅದೇ ವಾರ ವೈಷ್ಣೋದೇವಿಯ ದಾರಿಯಲ್ಲಿ ಗುಡ್ಡ ಕುಸಿದು ಯಾತ್ರಿಕರು ಸತ್ತರು, ರಾವಿಯ ಮೇಲಿನ ಮಾಧೋಪುರ ಬ್ಯಾರೇಜಿನ ಗೇಟುಗಳು ಕೊಚ್ಚಿಹೋದವು, ಗಡಿಯಾಚೆ ಕರ್ತಾರ್‌ಪುರದ ಗುರುದ್ವಾರ ಜಲಾವೃತವಾಯಿತು. ಭಾರತದ ಪಂಜಾಬಿನ 23 ಜಿಲ್ಲೆಗಳನ್ನೂ ಪ್ರವಾಹಪೀಡಿತವೆಂದು ಘೋಷಿಸಬೇಕಾಯಿತು. ಎರಡು ಪಂಜಾಬುಗಳೂ ಒಟ್ಟಿಗೇ ಮುಳುಗಿದವು.

ರಕ್ತವೂ ನೀರೂ ಒಟ್ಟಿಗೆ ಹರಿಯಲಾರವು ಎಂದು ಪ್ರಧಾನಿ ಹೇಳಿದ್ದಾರೆ. ಭಯೋತ್ಪಾದನೆಗೆ ಆಶ್ರಯ ಕೊಡುವ ದೇಶದ ಮೇಲೆ ಒತ್ತಡ ಹೇರಲು ನೀರಿನ ಪಾಲನ್ನು ಬಳಸಬಹುದೇ ಎಂಬುದು ವಾದಿಸಬಹುದಾದ ವಿಷಯ. ಪ್ರವಾಹದ ಮುನ್ಸೂಚನೆ ಆ ವಾದದೊಳಗೆ ಬರುವುದಿಲ್ಲ. ಅದನ್ನು ತಡೆಹಿಡಿದರೆ ರಾವಲ್ಪಿಂಡಿಯ ಸೇನಾ ಕಚೇರಿಗೆ ಏನೂ ಆಗದು; ಸಿಯಾಲ್‌ಕೋಟ್, ನಾರೋವಾಲ್‌ನ ಹೊಲಗಳಲ್ಲಿ ಎಮ್ಮೆ ಕಟ್ಟಿಕೊಂಡಿರುವವರು ಸಾಯುತ್ತಾರೆ.

ಭಾರತ ಮೇಲ್ದಂಡೆಯ ದೇಶ ಮಾತ್ರವಾಗಿದ್ದರೆ ಈ ನಿಲುವನ್ನು ಕೊನೆಪಕ್ಷ ಸ್ವಾರ್ಥವೆಂದಾದರೂ ಅರ್ಥಮಾಡಿಕೊಳ್ಳಬಹುದಿತ್ತು. ಆದರೆ ಬ್ರಹ್ಮಪುತ್ರ, ಸಟ್ಲೆಜ್‌ಗಳಲ್ಲಿ ಭಾರತವೇ ಕೆಳಗಿದೆ. 2000ನೇ ಇಸವಿಯ ಜೂನ್‌ನಲ್ಲಿ ಟಿಬೆಟ್ಟಿನ ಯಿಗೊಂಗ್‌ನಲ್ಲಿ ಗುಡ್ಡ ಕುಸಿದು ನಿಂತಿದ್ದ ಸರೋವರ ಒಡೆದು, ನೀರು ಸಿಯಾಂಗ್ ಕಣಿವೆಗೆ ನುಗ್ಗಿ ಅರುಣಾಚಲದಲ್ಲಿ ಜನ ಸತ್ತರು, ಸೇತುವೆಗಳು ಕೊಚ್ಚಿಹೋದವು. 2004ರಲ್ಲಿ ಹಿಮಾಚಲದ ಗಡಿಯಾಚೆ ಟಿಬೆಟ್ಟಿನಲ್ಲಿ, ಪಾರೆಚು ನದಿಗೆ ಅಡ್ಡಲಾಗಿ ಇಂಥದೇ ಸರೋವರ ನಿಂತಾಗ ಚೀನಾ ಸುದ್ದಿ ಕೊಟ್ಟಿತು. ಮರುವರ್ಷ ಜೂನ್‌ನಲ್ಲಿ ಅದು ಒಡೆದಾಗ ಸಟ್ಲೆಜ್ ದಂಡೆಯ ರಸ್ತೆ, ಸೇತುವೆಗಳು ಹೋದವು, ಜೀವಹಾನಿ ಆಗಲಿಲ್ಲ. ಮುನ್ಸೂಚನೆಯ ಬೆಲೆ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2017ರಲ್ಲಿ ಡೋಕ್ಲಾಮ್ ಬಿಕ್ಕಟ್ಟಿನ ಮಳೆಗಾಲದಲ್ಲಿ ಚೀನಾ ಬ್ರಹ್ಮಪುತ್ರದ ಅಂಕಿಗಳನ್ನು ಕೊಡಲಿಲ್ಲ. ಮಾಪನ ಕೇಂದ್ರಗಳ ದುರಸ್ತಿ ನಡೆದಿದೆ ಎಂದಿತು. ದೆಹಲಿಯಲ್ಲಿ ಸಿಟ್ಟು ಬಂದದ್ದು ನ್ಯಾಯವಾಗಿಯೇ ಇತ್ತು. 2002ರಿಂದ ನವೀಕರಣಗೊಳ್ಳುತ್ತ ಬಂದಿದ್ದ ಬ್ರಹ್ಮಪುತ್ರ ಮಾಹಿತಿ ಒಡಂಬಡಿಕೆಯ ಅವಧಿ 2023ರ ಜೂನ್‌ಗೆ ಮುಗಿಯಿತು. 2025ರ ಜುಲೈನಲ್ಲಿ ಚೀನಾ ಬ್ರಹ್ಮಪುತ್ರದ ಟಿಬೆಟ್ ಭಾಗವಾದ ಯಾರ್ಲುಂಗ್ ಸಾಂಗ್‌ಪೋ ಮೇಲೆ, ಮೆಡೋಗ್‌ನಲ್ಲಿ, ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಗೆ ಚಾಲನೆ ಕೊಟ್ಟಿತು. ಆಗಸ್ಟ್‌ನಲ್ಲಿ ದೆಹಲಿಗೆ ಬಂದ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ, ತುರ್ತು ಸಂದರ್ಭದಲ್ಲಿ ಮಾನವೀಯ ಪರಿಗಣನೆಯಿಂದ ನದಿಯ ಮಾಹಿತಿ ಕೊಡುವುದಾಗಿ ಒಪ್ಪಿದರು. ಅದಾಗಿ ಒಂದು ವಾರ ಕಳೆಯುವ ಮೊದಲೇ ಭಾರತ ಪಾಕಿಸ್ತಾನಕ್ಕೆ ಕೊಟ್ಟದ್ದೂ ಅದನ್ನೇ. ಮನಸ್ಸಿದ್ದರೆ ಕೊಡುವ, ಮುನಿಸಿದ್ದರೆ ಕೊಡದ ಉಪಕಾರ ಅದು. ಕೆಳಗಿನವರಿಗೆ ಉಪಕಾರ ಮಾಡುತ್ತ ಮೇಲಿನವರ ಬಳಿ ಹಕ್ಕು ಕೇಳಲು ಬರುವುದಿಲ್ಲ. ಬೀಜಿಂಗ್ ಇದನ್ನು ಗಮನಿಸದಷ್ಟು ದಡ್ಡವಲ್ಲ.

ನೇಪಾಳದ ಗಡಿಯಲ್ಲಿ ಕೆಟ್ಟದ್ದೂ ಒಳ್ಳೆಯದೂ ಎರಡೂ ಕಾಣುತ್ತವೆ. 1954ರ ಒಪ್ಪಂದದಂತೆ ಕೋಸಿ ಬ್ಯಾರೇಜು ನೇಪಾಳದ ನೆಲದಲ್ಲಿದ್ದರೂ ಅದರ ಮತ್ತು ಒಡ್ಡುಗಳ ನಿರ್ವಹಣೆ ಬಿಹಾರದ್ದು. 2008ರ ಆಗಸ್ಟ್ 18ರಂದು ಕುಸಹಾದಲ್ಲಿ ಒಡ್ಡು ಒಡೆದು ಬಿಹಾರದಲ್ಲಿ ಸುಮಾರು 30 ಲಕ್ಷ ಜನ ನೆಲೆ ಕಳೆದುಕೊಂಡರು. ಆಗ ಹರಿಯುತ್ತಿದ್ದದ್ದು ಒಂದೂವರೆ ಲಕ್ಷ ಕ್ಯೂಸೆಕ್‌ಗೂ ಕಡಿಮೆ. ಬ್ಯಾರೇಜಿನ ಸಾಮರ್ಥ್ಯ 9.5 ಲಕ್ಷ. ನೆಲ ಒಬ್ಬರದು, ನಿರ್ವಹಣೆ ಇನ್ನೊಬ್ಬರದು ಆದಾಗ ಹೊಣೆ ಯಾರದೂ ಆಗಲಿಲ್ಲ. 2024ರ ಸೆಪ್ಟೆಂಬರ್ ಕೊನೆಗೆ ನೇಪಾಳದಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಳೆಯಲ್ಲಿ ಅದೇ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ ಹೊರಟಿತು, 56 ವರ್ಷಗಳಲ್ಲೇ ಅತಿ ಹೆಚ್ಚು. ಮೊದಲೇ ಸೂಚನೆಯಿತ್ತು. ಕೆಲವೆಡೆ ಒಡ್ಡುಗಳು ಒಡೆದರೂ 2008 ಮರುಕಳಿಸಲಿಲ್ಲ. ನೇಪಾಳದ ಉತ್ತರ ಗಡಿಯಲ್ಲಿ ಆ ಅದೃಷ್ಟವಿಲ್ಲ. 2025ರ ಜುಲೈ 8ರಂದು ಟಿಬೆಟ್ ಕಡೆಯ ಹಿಮನದಿಯ ಮೇಲಿದ್ದ ಸರೋವರ ಬರಿದಾಗಿ ರಸುವಾಗಢಿಯ ಮೈತ್ರಿ ಸೇತುವೆಯನ್ನೇ ಕೊಚ್ಚಿಕೊಂಡು ಹೋದಾಗ ಕಾಠ್ಮಂಡುವಿಗೆ ಯಾವ ಎಚ್ಚರಿಕೆಯೂ ಬಂದಿರಲಿಲ್ಲ.

ಈ ಎಲ್ಲಕ್ಕೂ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್ ಇದೆಯಲ್ಲ ಎನ್ನಬಹುದು. ಕಾಗದದ ಮೇಲೆ ಇದೆ. ವಿಪತ್ತಿನಲ್ಲಿ ತ್ವರಿತ ನೆರವಿನ ಒಪ್ಪಂದಕ್ಕೆ 2011ರಲ್ಲಿ ಮಾಲ್ಡೀವ್ಸ್‌ನಲ್ಲಿ ಸಹಿ ಬಿತ್ತು, ವಿಪತ್ತು ನಿರ್ವಹಣಾ ಕೇಂದ್ರ ಗಾಂಧಿನಗರದಲ್ಲಿದೆ. ಆದರೆ 2014ರ ಕಾಠ್ಮಂಡು ಸಮಾವೇಶದ ನಂತರ ನಾಯಕರು ಸೇರಿಲ್ಲ. ಸಾರ್ಕ್ ಏಳುವವರೆಗೆ ನದಿಗಳು ಕಾಯುವುದಿಲ್ಲ.

ಭದ್ರತೆಯ ಆಕ್ಷೇಪ ಉಳಿಯುತ್ತದೆ. ಗಂಗಾ, ಬ್ರಹ್ಮಪುತ್ರ, ಸಿಂಧೂ ಕೊಳ್ಳಗಳ ಜಲಮಾಪನದ ಅಂಕಿಗಳನ್ನು ಭಾರತ ಗೋಪ್ಯವೆಂದು ವರ್ಗೀಕರಿಸಿದೆ. ಮೊದಲ ಉದ್ದೇಶ ಏನೇ ಇರಲಿ, ಉಪಗ್ರಹಗಳು ಜಲಾಶಯದ ವಿಸ್ತಾರವನ್ನು ಮೇಲಿನಿಂದಲೇ ಅಳೆಯುವ ಈ ಕಾಲದಲ್ಲಿ ಆ ಗೋಪ್ಯತೆ ಶತ್ರುವಿನ ಸೇನೆಯಿಂದ ಹೆಚ್ಚೇನನ್ನೂ ಮುಚ್ಚಿಡುವುದಿಲ್ಲ. ನಾಳೆ ಬೆಳಗ್ಗೆ ಎಷ್ಟು ಗೇಟು ತೆರೆಯುತ್ತದೆ ಎಂಬುದನ್ನು ಕೆಳಗಿನ ಹಳ್ಳಿಯವರಿಂದ ಮಾತ್ರ ಮುಚ್ಚಿಡುತ್ತದೆ. ಬೇಕಿರುವುದು ಹತ್ತು ವರ್ಷಗಳ ಹರಿವಿನ ದಾಖಲೆಯಲ್ಲ. ಮಳೆಗಾಲದಲ್ಲಿ ಗಂಟೆಗೊಮ್ಮೆ ನೀರಿನ ಮಟ್ಟ, ಗೇಟು ತೆರೆಯುವ ಮೊದಲು ಒಂದು ಸೂಚನೆ, ವಿದ್ಯುತ್ ಹೋದರೂ ಕೆಲಸ ಮಾಡುವ ಉಪಗ್ರಹ ಸಂಪರ್ಕ, ಇಷ್ಟೇ. ತಂತ್ರಜ್ಞಾನದ ಕೊರತೆಯಿಲ್ಲ. ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾಗಳಿಗೆ ಹಠಾತ್ ಪ್ರವಾಹದ ಮುನ್ಸೂಚನೆ ಕೊಡುವ ವ್ಯವಸ್ಥೆಯನ್ನು ಭಾರತೀಯ ಹವಾಮಾನ ಇಲಾಖೆಯೇ 2020ರ ಅಕ್ಟೋಬರ್‌ನಲ್ಲಿ ಆರಂಭಿಸಿದೆ. ಮೆಕಾಂಗ್ ನದಿಯ ವಿಷಯದಲ್ಲಿ ಚೀನಾ ಕೂಡ 2020ರಿಂದ ವರ್ಷವಿಡೀ ಅಂಕಿ ಕೊಡಲು ಒಪ್ಪಿದೆ.

ಕೆಳದಂಡೆಯ ಸರ್ಕಾರಗಳೂ ಕೈತೊಳೆದುಕೊಳ್ಳುವಂತಿಲ್ಲ. ಢಾಕಾದ ಮುನ್ಸೂಚನಾ ಕೇಂದ್ರಕ್ಕೆ ಬಂದ ಅಂಕಿ ಫೇನಿಯ ರೈತನ ಕಿವಿಗೆ ಅರ್ಥವಾಗುವ ಮಾತಾಗಿ ತಲುಪದಿದ್ದರೆ ಅದಕ್ಕೆ ದೆಹಲಿಯನ್ನು ದೂರಿ ಫಲವಿಲ್ಲ. ಚಂಡಮಾರುತದ ವಿಷಯದಲ್ಲಿ ಬಾಂಗ್ಲಾದೇಶ ಇದನ್ನು ಸಾಧಿಸಿ ತೋರಿಸಿದೆ: 2020ರಲ್ಲಿ ಅಂಫಾನ್ ಬಂದಾಗ, ಕೋವಿಡ್ ನಡುವೆಯೂ, 20 ಲಕ್ಷಕ್ಕೂ ಹೆಚ್ಚು ಜನರನ್ನು ಆಶ್ರಯ ತಾಣಗಳಿಗೆ ಕರೆದೊಯ್ಯಿತು. ಒಳನಾಡಿನ ಪ್ರವಾಹಕ್ಕೆ ಅಂಥ ಸಿದ್ಧತೆ ಇನ್ನೂ ಆಗಿಲ್ಲ.

ಶುರುಮಾಡಲು ಒಂದು ಅವಕಾಶ ತಾನಾಗಿ ಒದಗಿದೆ. ಭಾರತ ಮತ್ತು ಬಾಂಗ್ಲಾದೇಶ 1996ರ ಡಿಸೆಂಬರ್ 12ರಂದು ಸಹಿ ಹಾಕಿದ ಗಂಗಾ ನೀರು ಹಂಚಿಕೆ ಒಪ್ಪಂದ 30 ವರ್ಷಕ್ಕೆ ಮಾಡಿಕೊಂಡದ್ದು, ಅದರ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಫರಕ್ಕಾದಲ್ಲಿ ಬೇಸಿಗೆಯ ನೀರನ್ನು ಹೇಗೆ ಹಂಚಬೇಕೆಂಬುದಷ್ಟೇ ಅದರ ವಿಷಯ. ಹೊಸ ಒಪ್ಪಂದದಲ್ಲಿ ಮಳೆಗಾಲಕ್ಕೂ ಒಂದು ಕಲಂ ಸೇರಬೇಕು. ಗಡಿ ದಾಟುವ ಎಲ್ಲ ನದಿಗಳ ಪ್ರವಾಹ ಮಾಹಿತಿ ಜಂಟಿ ನದಿ ಆಯೋಗದ ಎಂಜಿನಿಯರ್‌ಗಳ ನಡುವೆ ನೇರವಾಗಿ ಹೋಗಬೇಕು, ಮತ್ತು ಒಪ್ಪಂದದ ಉಳಿದ ಭಾಗ ಅಮಾನತಿಗೆ ಬಿದ್ದರೂ ಈ ಕಲಂ ಮಾತ್ರ ಅಮಾನತಿಗೆ ಒಳಪಡುವುದಿಲ್ಲ ಎಂದು ಅದರಲ್ಲೇ ಬರೆದಿರಬೇಕು.