ನೋಡಿದ್ದೆಲ್ಲ ಕಲಿತಂತಲ್ಲ



"ಡಾಕ್ಟ್ರೇ, ಮಗಳು ರಾತ್ರಿ ಹನ್ನೆರಡರವರೆಗೂ ಕಂಪ್ಯೂಟರಿನಲ್ಲಿ ಪಾಠ ಕೇಳ್ತಾಳೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಬರಲ್ಲ. ನೆನಪಿನ ಶಕ್ತಿಗೆ ಏನಾದ್ರೂ ಟಾನಿಕ್ ಇದೆಯಾ?" ನಮ್ಮ ಕೂಟದ ಊಟದ ಸಾಲಿನಲ್ಲಿ ಇಂಥ ಪ್ರಶ್ನೆಗಳು ನನಗೆ ಆಗಾಗ ಎದುರಾಗುತ್ತವೆ. ಟಾನಿಕ್ ಇಲ್ಲ. ಆದರೆ ಖರ್ಚಿಲ್ಲದ ಮದ್ದೊಂದಿದೆ.

ನಾವು ಎಂಬಿಬಿಎಸ್ ಓದುವಾಗ ಲೈಬ್ರರಿಯಲ್ಲಿ ಒಂದು ಪುಸ್ತಕಕ್ಕೆ ಸರದಿ ಕಾಯುತ್ತಿದ್ದೆವು. ಇಂದಿನ ಮಕ್ಕಳಿಗೆ ಆ ಬಡತನವಿಲ್ಲ. ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುವುದಾಗಿ 2001ರಲ್ಲಿ ಘೋಷಿಸಿತು. 2003ರಲ್ಲಿ ಏಳು ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟಿಇಎಲ್ ಆರಂಭಿಸಿದವು. 2008ರಲ್ಲಿ ಖಾನ್ ಅಕಾಡೆಮಿ, 2012ರಲ್ಲಿ ಕೋರ್ಸೆರಾ ಬಂದವು. ಪಾಠಗಳಿಗೆ ಕೊರತೆಯಿಲ್ಲ, ಕೊರತೆ ಇರುವುದು ಬಳಸುವ ರೀತಿಯಲ್ಲಿ.

ಒಳ್ಳೆಯ ಮೇಷ್ಟ್ರ ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಸಂಗೀತ ಕಛೇರಿ ಕೇಳಿದ ಮಾತ್ರಕ್ಕೆ ಹಾಡಲು ಬರುತ್ತದೆಯೇ? ಇದೂ ಹಾಗೆಯೇ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಬರಹಗಳನ್ನು ಕೊಟ್ಟರು. ಒಂದನ್ನು ಮತ್ತೊಮ್ಮೆ ಓದಿಸಿದರು. ಇನ್ನೊಂದನ್ನು ಮುಚ್ಚಿಟ್ಟು, ನೆನಪಾದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು: ಶೇಕಡಾ 81, ಬರೆದದ್ದು 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಮತ್ತೆ ಓದಿದ್ದು 42ಕ್ಕೆ ಇಳಿದಿತ್ತು, ಬರೆದದ್ದು 56 ಉಳಿದಿತ್ತು!

ನಮ್ಮ ಹಿರಿಯರು ಸಂಜೆ ದೀಪ ಹಚ್ಚಿದ ಮೇಲೆ "ಹದಿಮೂರೇಳಲೆ ಎಷ್ಟು?" ಎಂದು ಮಗ್ಗಿಯನ್ನು ನಡುವಿನಿಂದ ಕೇಳುತ್ತಿದ್ದರಲ್ಲ, ಅದರ ಗುಟ್ಟೂ ಇದೇ. ಮೆದುಳು ತಾನಾಗಿ ಹುಡುಕಿ ತೆಗೆದದ್ದು ಗಟ್ಟಿಯಾಗುತ್ತದೆ.

ಹಾಗಾದರೆ ಮಕ್ಕಳು ಏನು ಮಾಡಬೇಕು?

1. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ, ತೆರೆಯನ್ನು ನೋಡದೆ ಮುಖ್ಯಾಂಶಗಳನ್ನು ಬರೆಯಲಿ.
2. ಪಾಠದ ಜೊತೆಗಿರುವ ಕಿರುಪರೀಕ್ಷೆಗಳನ್ನು ಬಿಡದಿರಲಿ. ಉತ್ತರ ನೋಡುವ ಮೊದಲು ತಾವೇ ಪ್ರಯತ್ನಿಸಲಿ. ತಪ್ಪಾದರೂ ಚಿಂತೆಯಿಲ್ಲ, ಸರಿಯುತ್ತರ ನೋಡಿ ತಿದ್ದಿಕೊಂಡರಾಯಿತು.
3. ಅದನ್ನೇ ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ನೆನಪಿಸಿಕೊಳ್ಳಲಿ. ಅನೇಕ ವೈದ್ಯ ವಿದ್ಯಾರ್ಥಿಗಳು ಇದಕ್ಕೆ ಆಂಕಿ ಎಂಬ ತಂತ್ರಾಂಶವನ್ನು ಬಳಸುತ್ತಾರೆ.
4. ನಿದ್ದೆ ಕೆಡಬಾರದು. ಕಲಿತದ್ದು ಮೆದುಳಿನಲ್ಲಿ ನೆಲೆಯೂರಲು ನಿದ್ದೆ ಬೇಕೇ ಬೇಕು.

ಮನೆಬಿಟ್ಟು ಹಾಸ್ಟೆಲಿನಲ್ಲಿರುವ ಮಗು ಮೊದಲ ಸೆಮಿಸ್ಟರಿನಲ್ಲೇ ಕಡಿಮೆ ಅಂಕ ಬಂದಾಗ "ನಾನೇ ದಡ್ಡ" ಎಂದು ಒಳಗೊಳಗೇ ಕುಗ್ಗುತ್ತದೆ. ಎಷ್ಟೋ ಸಲ ದಡ್ಡತನ ಮಗುವಿನದಲ್ಲ, ಓದುವ ಕ್ರಮದ್ದು. ಆದ್ದರಿಂದ ಫೋನಿನಲ್ಲಿ "ಎಷ್ಟು ಗಂಟೆ ಓದಿದೆ?" ಎಂದು ಕೇಳಬೇಡಿ. "ಇವತ್ತು ಕಲಿತದ್ದನ್ನು ನನಗೂ ಸ್ವಲ್ಪ ಹೇಳಿಕೊಡಪ್ಪ" ಅನ್ನಿ. ಕನ್ನಡದಲ್ಲೇ ಹೇಳಿದರಂತೂ ಪಾಠವೂ ಉಳಿಯಿತು, ಭಾಷೆಯೂ ಉಳಿಯಿತು!